ಅಂತರರಾಷ್ಟ್ರೀಯ ಸಹಯೋಗ ಸಂಶೋಧನೆ: ಅನುದಾನ ಮತ್ತು ಆಡಳಿತ

ಎರಡು ದೇಶಗಳ ವಿದ್ವಾಂಸರು ಕೂಡಿ ನಡೆಸುವ ಸಂಶೋಧನೆಯನ್ನು ಅದರ ಫಲಿತಾಂಶಗಳಿಂದಲೇ ಅಳೆಯುವುದು ವಾಡಿಕೆ. ಅದರ ಹಿಂದಿನ ಆಡಳಿತ ಕಾರ್ಯವು ಚರ್ಚೆಗೆ ಬರುವುದು ವಿರಳ. ಆದರೆ ಸಹಯೋಗದ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅನುದಾನವು ಬರುವ ಮಾರ್ಗವೇ ಆಗಿದೆ.

ಈ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು, ಸರ್ಕಾರಗಳು ಕೂಡಿ ಹಣ ಒದಗಿಸುವ ವ್ಯವಸ್ಥೆ. ಭಾರತ ಮತ್ತು ಫ್ರಾನ್ಸ್ ಸರ್ಕಾರಗಳ ನೆರವಿನಿಂದ 1987ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಉನ್ನತ ಸಂಶೋಧನಾ ಪ್ರೋತ್ಸಾಹ ಕೇಂದ್ರವು ಇದಕ್ಕೆ ನಿದರ್ಶನ. ಎರಡನೆಯದು, ವಿದೇಶಿ ಸಂಸ್ಥೆಯೇ ಭಾರತೀಯ ಸಂಸ್ಥೆಗೆ ನೇರವಾಗಿ ನೀಡುವ ಅನುದಾನ. ಯುರೋಪಿಯನ್ ಒಕ್ಕೂಟದ ಏಳನೆಯ ಚೌಕಟ್ಟು ಕಾರ್ಯಕ್ರಮದಲ್ಲಿ (2007–13) ಭಾರತೀಯ ಸಂಸ್ಥೆಗಳು ಇಂತಹ ನೆರವಿಗೆ ಅರ್ಹವಾಗಿದ್ದವು. 2014ರಲ್ಲಿ ಆರಂಭವಾದ ಮುಂದಿನ ಕಾರ್ಯಕ್ರಮದಿಂದ ಆ ಅರ್ಹತೆಯು ತಾನಾಗಿ ದೊರೆಯದಾಯಿತು. ಹೀಗಾಗಿ ಭಾರತೀಯ ಪಾಲುದಾರನು ಬಹುತೇಕ ತನ್ನ ವೆಚ್ಚವನ್ನು ತಾನೇ ಹೊಂದಿಸಿಕೊಳ್ಳಬೇಕಾಯಿತು.

ನೇರ ಅನುದಾನದ ಸಂದರ್ಭದಲ್ಲಿ ಆಡಳಿತದ ಮೊದಲ ಪ್ರಶ್ನೆ, ಬರುವ ಹಣವು ದೇಣಿಗೆಯೇ ಅಥವಾ ಸೇವೆಗೆ ಸಂದ ಶುಲ್ಕವೇ ಎಂಬುದು. ದೇಣಿಗೆಯಾದರೆ 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯು ಅನ್ವಯಿಸುತ್ತದೆ. ಶಾಸನದ ಮೂಲಕ ಸ್ಥಾಪಿತವಾಗಿ ಮಹಾಲೇಖಪಾಲರ ಕಡ್ಡಾಯ ಲೆಕ್ಕಪರಿಶೋಧನೆಗೆ ಒಳಪಟ್ಟ ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿಯಿದೆ. ಟ್ರಸ್ಟ್ ಅಥವಾ ಸಂಘದ ರೂಪದ ಸಂಶೋಧನಾ ಸಂಸ್ಥೆಗಳಿಗೆ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ಪಡೆದ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಇದರ ಪರಿಣಾಮ ದೂರಗಾಮಿಯಾದುದು. ಮುಂಚೂಣಿಯ ಸಂಸ್ಥೆಯೊಂದು ಹಣ ಪಡೆದು ಜಿಲ್ಲಾ ಕೇಂದ್ರದ ಕಾಲೇಜಿಗೆ ಪಾಲು ಹಂಚುವ ಕ್ರಮವು ಈ ಕಾಯ್ದೆಯ ವ್ಯಾಪ್ತಿಯಲ್ಲಿ ಅಸಾಧ್ಯವಾಯಿತು. ಸಣ್ಣ ಸಂಸ್ಥೆಯು ತಾನೇ ಅರ್ಹತೆ ಪಡೆಯದಿದ್ದರೆ ಸಹಯೋಗದಿಂದ ಹೊರಗುಳಿಯುತ್ತದೆ.

ಭಾರತ ಸರ್ಕಾರದ ಪಾಲಿನ ಹಣಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಹಣಬಳಕೆ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಅನುದಾನದ ಮೇಲಿನ ಬಡ್ಡಿಯನ್ನು ಸಂಚಿತ ನಿಧಿಗೆ ಮರಳಿಸಬೇಕು. ಭಾರತದ ಲೆಕ್ಕವು ಏಪ್ರಿಲ್‌ನಿಂದ ಆರಂಭವಾದರೆ ಅಮೆರಿಕದ ಸಂಯುಕ್ತ ಸರ್ಕಾರದ ಲೆಕ್ಕವು ಅಕ್ಟೋಬರ್‌ನಿಂದ ಆರಂಭವಾಗುತ್ತದೆ. ಒಂದೇ ಯೋಜನೆಗೆ ಎರಡು ಬಗೆಯ ಲೆಕ್ಕವಿಡುವಲ್ಲಿ ವಿಳಂಬವಾದರೆ ಮುಂದಿನ ಕಂತು ತಡೆಹಿಡಿಯಲ್ಪಡುತ್ತದೆ. ಆ ಭಾರವು ಮೊದಲು ಬೀಳುವುದು ಯೋಜನೆಯ ವೇತನವನ್ನೇ ನಂಬಿದ ಕಿರಿಯ ಸಂಶೋಧಕರ ಮೇಲೆ.

ಹಣದ ಜೊತೆಗೆ ಅನುಮತಿಗಳೂ ಮುಖ್ಯ. ಜೈವಿಕ ಮಾದರಿಗಳ ವಿನಿಮಯಕ್ಕೆ 2002ರ ಜೀವವೈವಿಧ್ಯ ಕಾಯ್ದೆಯೂ ಆರೋಗ್ಯ ಸಂಶೋಧನೆಗೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಗಣನೆಗೆ ಬರುತ್ತವೆ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಹಣಕಾಸು ಅಧಿಕಾರಿಯು ಶಾಸನಬದ್ಧ ಅಧಿಕಾರಿ. ಒಡಂಬಡಿಕೆಗೆ ಸಹಿಯಾದ ಮೇಲೆ ಕಡತವು ಅವರ ಮೇಜಿಗೆ ಬರುವುದಕ್ಕಿಂತ, ಕರಡು ಸಿದ್ಧವಾಗುವ ಹಂತದಲ್ಲೇ ಅವರ ಅಭಿಪ್ರಾಯವನ್ನು ಪಡೆಯುವುದು ಉಚಿತ. ಸಂಶೋಧಕನ ಪ್ರಶ್ನೆಯೂ ಲೆಕ್ಕಾಧಿಕಾರಿಯ ಪ್ರಶ್ನೆಯೂ ಒಟ್ಟಿಗೆ ಇತ್ಯರ್ಥವಾದಾಗಲೇ ಸಹಯೋಗವು ಸಮಾನರ ನಡುವಿನದಾಗುತ್ತದೆ.