ಎಥನಾಲ್ ಇಂಧನ: ಪಂಪಿನ ಮಿತಿ ಅರಿಯಿರಿ

ತರಬೇತಿಗೆ ಬಂದಿದ್ದ ಹಾವೇರಿ ಕಡೆಯ ರೈತರೊಬ್ಬರು ಕೇಳಿದರು: "ಅಮೆರಿಕದಾಗಿರೋ ನಮ್ಮ ಹುಡುಗ ಟರ್ಬೊ ಕಾರಿನ ಶಕ್ತಿ ಹೆಚ್ಚು ಮಾಡಿಸಿ, ಎಥನಾಲ್ ಹಾಕಿ ಓಡಿಸಿದ. ಪಿಸ್ಟನ್ ಸುಟ್ಟು ಹೋತು. ಗೋವಿನಜೋಳದ ಸ್ಪಿರಿಟ್ಟು ಅಷ್ಟು ಕೆಟ್ಟದ್ದೇನ್ರಿ ಸರ?"

ಜೋಳ ಬೆಳೆಯುವವರು ಈ ಪ್ರಶ್ನೆಗೆ ಉತ್ತರ ತಿಳಿದಿರಬೇಕು. ಇಂಥ ಹಾನಿಗೆ ಅನೇಕ ವೇಳೆ ಕಾರಣವಾಗುವುದು ಎಥನಾಲ್ ಅಲ್ಲ, ಅದನ್ನು ಸಾಕಷ್ಟು ಒದಗಿಸಲಾರದ ಇಂಧನ ಪಂಪು.

ಹೆಚ್ಚು ಇಂಧನ ಏಕೆ ಬೇಕು?

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿನ ತೂಕದಲ್ಲಿ ಸುಮಾರು ಶೇ. 35 ಭಾಗ ಆಮ್ಲಜನಕವೇ ಇರುವುದರಿಂದ ಅದಕ್ಕೆ 9 ಕಿಲೋ ಗಾಳಿ ಸಾಕು. ಆದ್ದರಿಂದ ಎಂಜಿನ್ ಎಳೆದುಕೊಂಡ ಅಷ್ಟೇ ಗಾಳಿಗೆ ಎಥನಾಲನ್ನು ಹೆಚ್ಚು ಕೊಡಬೇಕಾಗುತ್ತದೆ. ಶೇ. 85 ಎಥನಾಲ್ ಇರುವ ಇ-85 ಇಂಧನವಾದರೆ ಪೆಟ್ರೋಲಿಗಿಂತ ಶೇ. 30ರಿಂದ 40ರಷ್ಟು ಹೆಚ್ಚು ಬೇಕು.

ಆದರೂ ವೇಗಪ್ರಿಯರಿಗೆ ಇದು ಮೆಚ್ಚು. ಎಥನಾಲ್ ಆವಿಯಾಗುವಾಗ ಸಿಲಿಂಡರಿನ ಶಾಖವನ್ನು ಹೀರುತ್ತದೆ. ಎಂಜಿನ್ ಬಡಿತವನ್ನೂ ತಡೆಯುತ್ತದೆ. ಹೀಗಾಗಿ ಟರ್ಬೊದಿಂದ ಹೆಚ್ಚು ಗಾಳಿ ತುಂಬಿ ಹೆಚ್ಚು ಶಕ್ತಿ ಪಡೆಯಬಹುದು.

ಪಂಪು ಸೋಲುವುದೆಲ್ಲಿ?

ನಿಮ್ಮ ಬಾವಿಯ ಪಂಪ್‌ಸೆಟ್ಟನ್ನು ನೆನೆಯಿರಿ. ನೀರೆತ್ತುವ ಎತ್ತರ ಹೆಚ್ಚಿದರೆ ಬರುವ ನೀರು ಕಡಿಮೆ. ವೋಲ್ಟೇಜ್ ಇಳಿದರೆ ಇನ್ನೂ ಕಡಿಮೆ. ಕಾರಿನ ಟ್ಯಾಂಕಿನೊಳಗಿನ ವಿದ್ಯುತ್ ಪಂಪಿನ ಸ್ವಭಾವವೂ ಇದೇ.

400 ಅಶ್ವಶಕ್ತಿಯ ಟರ್ಬೊ ಎಂಜಿನ್ನಿಗೆ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 145 ಲೀಟರ್ ಪೆಟ್ರೋಲ್ ಬೇಕೆನ್ನೋಣ. ಇ-85 ಆದರೆ ಸುಮಾರು 200 ಲೀಟರ್ ಬೇಕು. ಇತ್ತ ಅನೇಕ ಕಾರುಗಳಲ್ಲಿ ಟರ್ಬೊ ಒತ್ತಡ ಏರಿದಂತೆ ಇಂಧನದ ಒತ್ತಡವನ್ನೂ ಏರಿಸಲೇಬೇಕು. ಮೂಲ ಒತ್ತಡ 3 ಬಾರ್, ಟರ್ಬೊ ಒತ್ತಡ 1.5 ಬಾರ್ ಇದ್ದರೆ ಪಂಪು 4.5 ಬಾರ್‌ಗೆ ವಿರುದ್ಧವಾಗಿ ದುಡಿಯಬೇಕು. ಅಂದರೆ ಬೇಡಿಕೆ ಅತಿ ಹೆಚ್ಚಾದ ಗಳಿಗೆಯಲ್ಲೇ ಪಂಪಿನ ಪೂರೈಕೆ ತಗ್ಗುತ್ತದೆ. ಆಗ ಇಂಧನ ಸಾಲದೆ ಶಾಖ ಏರಿ, ಬಡಿತ ಹುಟ್ಟಿ, ಪಿಸ್ಟನ್ ಕರಗುತ್ತದೆ. ಇದಕ್ಕೆ ಕೆಲವೇ ಕ್ಷಣ ಸಾಕು.

ವಹಿಸಬೇಕಾದ ಎಚ್ಚರಿಕೆ

1. ಪಂಪಿನ ಮೇಲೆ ಬರೆದ ಅಂಕಿಯನ್ನಷ್ಟೇ ನಂಬಬಾರದು. ಕೆಲಸದ ಒತ್ತಡದಲ್ಲಿ ಅದು ಎಷ್ಟು ಕೊಡುತ್ತದೆಂದು ನೋಡಿ, ಅಗತ್ಯಕ್ಕಿಂತ ತುಸು ಹೆಚ್ಚಿನದನ್ನೇ ಆರಿಸಬೇಕು.

2. ಬ್ಯಾಟರಿಯಿಂದ ರಿಲೇ ಮೂಲಕ ದಪ್ಪ ತಂತಿ ಎಳೆದು ಪೂರ್ಣ ವೋಲ್ಟೇಜ್ ಒದಗಿಸಬೇಕು.

3. ಇಂಜೆಕ್ಟರುಗಳೂ ದೊಡ್ಡವಿರಬೇಕು. ರಬ್ಬರ್ ಕೊಳವೆ, ಸೀಲುಗಳು ಎಥನಾಲಿಗೆ ತಾಳುವಂಥವಾಗಿರಬೇಕು.

4. ಪೂರ್ಣ ಭಾರದಲ್ಲಿ ಇಂಧನದ ಒತ್ತಡವನ್ನು ಅಳೆಯಬೇಕು. ಅದು ಇಳಿಯುತ್ತಿದ್ದರೆ ಕೂಡಲೇ ಟರ್ಬೊ ಒತ್ತಡ ತಗ್ಗಿಸಬೇಕು.

ನಮ್ಮ ರೈತರಿಗೆ

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ 2025ರಲ್ಲಿ ಈಡೇರಿತು. ಈ ಮಿಶ್ರಣಕ್ಕೆ ಹೆಚ್ಚುವರಿ ಬೇಕಾಗುವ ಇಂಧನ ಸುಮಾರು ಶೇ. 7 ಮಾತ್ರ, ಸಾಮಾನ್ಯ ವಾಹನದ ಪಂಪಿಗೆ ಇದು ಭಾರವಲ್ಲ. ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಹಳೆಯ ವಾಹನಗಳ ರಬ್ಬರ್ ಭಾಗಗಳನ್ನೂ ಪರೀಕ್ಷಿಸಿಕೊಳ್ಳಬೇಕು.

ಒಂದು ಕ್ವಿಂಟಾಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥನಾಲ್ ಸಿಗುತ್ತದೆ. ಈ ಇಂಧನಕ್ಕೆ ಕೆಟ್ಟ ಹೆಸರು ಬಂದರೆ ಅದರ ಪೆಟ್ಟು ಜೋಳದ ಬೇಡಿಕೆಗೂ ತಟ್ಟಬಹುದು. ಸಣ್ಣ ಪಂಪಿನಿಂದ ಎಕರೆಗಟ್ಟಲೆ ಹೊಲಕ್ಕೆ ನೀರು ಹಾಯಿಸಹೋಗಿ ಬೆಳೆ ಒಣಗಿದರೆ ಬೀಜವನ್ನು ದೂರಿ ಫಲವಿಲ್ಲ. ಇಲ್ಲಿಯೂ ಹಾಗೆಯೇ.