ಸರ್ವೆ ಲೈಸೆನ್ಸ್‌ಗೆ ಬಿಇ ಬೇಕೇ?

ಸಿವಿಲ್ ಓದುತ್ತಿದ್ದೇನೆ ಎಂದು ಊರಲ್ಲಿ ಹೇಳಿದರೆ ಸಾಕು, 'ಹಂಗಾದ್ರೆ ನಮ್ಮ ಹೊಲ ಅಳೆದು ಕೊಡಪ್ಪ' ಅನ್ನುತ್ತಾರೆ. ಕಾಲೇಜಿನಲ್ಲಿ ಟೋಟಲ್ ಸ್ಟೇಷನ್ ಹಿಡಿದಿದ್ದೇನೆ, ನಿಜ. ಆದರೆ ಲೈಸೆನ್ಸ್ ಇಲ್ಲದ ನನ್ನ ಅಳತೆಗೆ ಕಂದಾಯ ದಾಖಲೆಯಲ್ಲಿ ಬೆಲೆಯಿಲ್ಲ.

ಹಾಗಾದರೆ ಲೈಸೆನ್ಸ್ ಯಾರಿಗೆ ಸಿಗುತ್ತದೆ? ನಮ್ಮ ರಾಜ್ಯದಲ್ಲಿ ಪರವಾನಗಿ ಭೂಮಾಪಕರ ಆಯ್ಕೆಗೆ ಅರ್ಜಿ ಕರೆಯುವುದು ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ. ಸಿವಿಲ್‌ನಲ್ಲಿ ಬಿಇ, ಬಿಟೆಕ್ ಅಥವಾ ಡಿಪ್ಲೊಮಾ ಮಾಡಿದವರು, ಐಟಿಐ ಸರ್ವೆ ಟ್ರೇಡ್ ಮುಗಿಸಿದವರು ಅರ್ಜಿ ಹಾಕಬಹುದು. ಪಿಯುಸಿ ವಿಜ್ಞಾನ ಓದಿ ಗಣಿತದಲ್ಲಿ ಕನಿಷ್ಠ ಶೇ 60 ಅಂಕ ಪಡೆದವರಿಗೂ ಅವಕಾಶವಿದೆ. ಮೂರನೇ ವರ್ಷದ ಫೀಸು ಕಟ್ಟಿದ ನನಗೆ ಇದು ತಿಳಿದಾಗ ಸ್ವಲ್ಪ ಕಸಿವಿಸಿಯಾಯಿತು!

ಯೋಚಿಸಿದರೆ ಇದರಲ್ಲಿ ಅರ್ಥವಿದೆ. ನಾವು ತರಗತಿಯಲ್ಲಿ ಮೀಟರ್, ಲೆವೆಲಿಂಗ್, ಕಾಂಟೂರ್ ಕಲಿಯುತ್ತೇವೆ. ಹೊಲದ ಲೆಕ್ಕವೇ ಬೇರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ. ಹಳೆಯ ಟಿಪ್ಪಣಿ ಓದಲು ಬರಬೇಕು. ಆಕಾರ್‌ಬಂದ್ ಮತ್ತು ಪಹಣಿಯ ವಿಸ್ತೀರ್ಣ ತಾಳೆಯಾಗುತ್ತದೆಯೇ ನೋಡಬೇಕು. ಇದನ್ನು ನನಗೆ ಯಾವ ಸೆಮಿಸ್ಟರ್‌ನಲ್ಲೂ ಹೇಳಿಕೊಟ್ಟಿಲ್ಲ. ಅದಕ್ಕೇ ಯಾವ ಓದಿನಿಂದ ಬಂದವರಾದರೂ ಇಲಾಖೆಯ ತರಬೇತಿ ಪಡೆದು, ಪರೀಕ್ಷೆ ಪಾಸಾಗಬೇಕು.

ಈ ಕೆಲಸದ ತೂಕವನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅಪ್ಪ, ಚಿಕ್ಕಪ್ಪ ಜಮೀನು ಪಾಲು ಮಾಡಿಕೊಳ್ಳಲು ಹೊರಟಾಗ ನೋಂದಣಿಗೆ ಮೊದಲು 11ಇ ನಕ್ಷೆ ಬೇಕಾಯಿತು. ಒಂದೇ ಸರ್ವೆ ನಂಬರಿನ ಒಂದು ಭಾಗ ಮಾರುವವರಿಗೂ ಅದು ಬೇಕು. ಇಂಥ ನಕ್ಷೆ ತಯಾರಿಸುವವರು ಈ ಲೈಸೆನ್ಸ್‌ದಾರರೇ. ಅವರು ಎಳೆದ ಗೆರೆ ಎರಡಡಿ ಸರಿದರೂ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತಬೇಕಾದೀತು.

ಒಂದು ಮಾತು ಗಮನದಲ್ಲಿರಲಿ. ಇದು ಸರ್ಕಾರಿ ಹುದ್ದೆಯಲ್ಲ. ತಿಂಗಳ ಸಂಬಳವಿಲ್ಲ, ಮುಗಿಸಿದ ಕಡತಗಳ ಲೆಕ್ಕದಲ್ಲಿ ಶುಲ್ಕ ಸಿಗುತ್ತದೆ. ಬಿಸಿಲಲ್ಲಿ ಬದು ಸುತ್ತಲು, ಜಗಳದ ನಡುವೆಯೂ ತಾಳ್ಮೆಯಿಂದ ಅಳೆಯಲು ತಯಾರಿರಬೇಕು.

ಬಿಇ ಮುಗಿದ ಮೇಲೆ ನಾನಂತೂ ಅರ್ಜಿ ಹಾಕುವವನೇ. ಪಿಯುಸಿಗೇ ಓದು ನಿಲ್ಲಿಸಿದ ಗೆಳೆಯರೇ, ಗಣಿತದ ಅಂಕಪಟ್ಟಿ ಒಮ್ಮೆ ತೆಗೆದು ನೋಡಿ. ಅಧಿಸೂಚನೆ ಬರುವವರೆಗೆ ನಿಮ್ಮ ಮನೆಯ ಪಹಣಿ, ಟಿಪ್ಪಣಿ ಎದುರಿಗಿಟ್ಟುಕೊಂಡು ಓದುವುದನ್ನು ರೂಢಿ ಮಾಡಿಕೊಳ್ಳಿ.