ಕೋಪನ್‌ಹೇಗನ್ ಚಳಿಗಾಲವನ್ನು ಕಟ್ಟಿಕೊಂಡ ಬಗೆ

ಉತ್ತರ ಯುರೋಪಿನ ಊರುಗಳಿಗೆ ಚಳಿಗಾಲದಲ್ಲಿ ಹೋಗುವವರು ಹಿಮ ನೋಡಲೆಂದೇ ಹೋಗುತ್ತಾರೆಂಬ ಎಣಿಕೆ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಮಟ್ಟಿಗೆ ಸಲ್ಲುವುದಿಲ್ಲ. ಆ ದೇಶದ ಅತ್ಯಂತ ಎತ್ತರದ ಸಹಜ ನೆಲೆಯೇ ಸಮುದ್ರಮಟ್ಟದಿಂದ 171 ಮೀಟರನ್ನು ಮುಟ್ಟದಿರುವುದರಿಂದ ಅಲ್ಲಿ ಸ್ಕೀಯಿಂಗ್‌ಗೆ ಬೇಕಾದ ಬೆಟ್ಟಗಳಿಲ್ಲ. ಸುತ್ತಲಿನ ಕಡಲು ಜನವರಿಯ ಸರಾಸರಿ ತಾಪಮಾನವನ್ನು ಸೊನ್ನೆಯಿಂದ ತುಸು ಮೇಲೆಯೇ ಹಿಡಿದಿಡುವುದರಿಂದ ಬಿದ್ದ ಹಿಮ ಬಹಳ ದಿನ ನಿಲ್ಲುವುದೂ ಇಲ್ಲ. ಡಿಸೆಂಬರ್ 21ರ ಸುಮಾರಿಗೆ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಮೂಡುವ ಸೂರ್ಯ ಮಧ್ಯಾಹ್ನ ಮೂರೂಮುಕ್ಕಾಲರೊಳಗೆ ಮುಳುಗಿಬಿಡುತ್ತಾನೆ. ಕತ್ತಲು, ಗಾಳಿ ಮತ್ತು ತುಂತುರು ಮಳೆಯನ್ನು ಬಿಟ್ಟರೆ ನಿಸರ್ಗದಿಂದ ಬೇರಾವ ಕೊಡುಗೆಯೂ ಇಲ್ಲದ ಈ ಋತುವಿನಲ್ಲಿ, ಶುಕ್ರವಾರ ಸಂಜೆ ಬಂದು ಭಾನುವಾರ ರಾತ್ರಿ ಮರಳುವ ‘ಸಿಟಿ ಬ್ರೇಕ್’ ಎಂಬ ಕಿರುಪ್ರವಾಸಕ್ಕೆ ಜನ ಈ ಊರನ್ನು ಆರಿಸಿಕೊಳ್ಳುವಂತಾದುದರ ಹಿಂದೆ ಗಾಜು, ದೀಪ ಮತ್ತು ನೆಲದಡಿಯ ಕೊಳವೆಗಳ ದೀರ್ಘ ಇತಿಹಾಸವಿದೆ.

ಹತ್ತೊಂಬತ್ತನೆಯ ಶತಮಾನದ ಕೋಪನ್‌ಹೇಗನ್‌ನಲ್ಲಿ ಚಳಿಗಾಲವೆಂದರೆ ಸೌದೆ ಕೊಳ್ಳಬಲ್ಲವರಿಗೂ ಕೊಳ್ಳಲಾರದವರಿಗೂ ನಡುವಿನ ಗೆರೆ ಎದ್ದು ಕಾಣುವ ಕಾಲವಾಗಿತ್ತು. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1845ರಲ್ಲಿ ಪ್ರಕಟಿಸಿದ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆ ವರ್ಷದ ಕಡೆಯ ರಾತ್ರಿಯ ಚಳಿಯಲ್ಲಿ ನಡೆಯುವುದು ಆಕಸ್ಮಿಕವಲ್ಲ. ಊರಿನ ಸಂಭ್ರಮವೆಲ್ಲ ಬೇಸಿಗೆಗೆ ಮೀಸಲಾಗಿತ್ತು. 1843ರ ಆಗಸ್ಟ್ 15ರಂದು ಜಾರ್ಜ್ ಕಾರ್ಸ್ಟೆನ್ಸನ್ ಎಂಬ ಸಾಹಸಿ, ದೊರೆ ಎಂಟನೆಯ ಕ್ರಿಶ್ಚಿಯನ್‌ನ ಪರವಾನಗಿ ಪಡೆದು, ಪಶ್ಚಿಮದ ಕೋಟೆಬಾಗಿಲ ಹೊರಗೆ ತೆರೆದ ಟಿವೋಲಿ ಎಂಬ ವಿಹಾರೋದ್ಯಾನವೂ ಹಾಗೆಯೇ. ಜನರು ನಲಿಯುತ್ತಿರುವಾಗ ರಾಜಕೀಯವನ್ನು ಯೋಚಿಸುವುದಿಲ್ಲವೆಂಬ ವಾದದಿಂದ ಆತ ದೊರೆಯನ್ನು ಒಪ್ಪಿಸಿದನೆಂದು ಹೇಳಲಾಗುತ್ತದೆ. ಉದ್ಯಾನದೊಳಗಿನ ಕೊಳ ಹಳೆಯ ಕೋಟೆ ಕಂದಕದ ತುಂಡು. ಬಣ್ಣದ ದೀಪಗಳು, ಸಂಗೀತ ಮತ್ತು ಬಾಣಬಿರುಸುಗಳು ಮೊದಲಿನಿಂದಲೂ ಟಿವೋಲಿಯ ಗುರುತಾಗಿದ್ದವಾದರೂ, ಶರತ್ಕಾಲದಲ್ಲಿ ಮುಚ್ಚಿದ ಅದರ ಬಾಗಿಲು ಮರುವಸಂತದವರೆಗೆ ತೆರೆಯುತ್ತಿರಲಿಲ್ಲ. ಹೀಗೆ ಊರಿನ ಅತ್ಯಂತ ಪ್ರಸಿದ್ಧ ದೀಪಗಳು, ಅವು ಹೆಚ್ಚು ಬೇಕಾಗಿದ್ದ ತಿಂಗಳುಗಳಲ್ಲಿಯೇ ಒಂದೂವರೆ ಶತಮಾನ ಕಾಲ ಆರಿರುತ್ತಿದ್ದವು.

ಚಳಿಗಾಲವನ್ನೇ ಒಂದು ಆಮಿಷವನ್ನಾಗಿ ಬಳಸುವ ಯೋಚನೆ ಟಿವೋಲಿಯ ಪಕ್ಕದ ಜಾಗದಲ್ಲಿ ಹುಟ್ಟಿತು. ಕಾರ್ಲ್ಸ್‌ಬರ್ಗ್ ಬಿಯರ್ ಮನೆತನದ ಕಾರ್ಲ್ ಯಾಕಬ್ಸನ್ ತನ್ನ ಶಿಲ್ಪಸಂಗ್ರಹವನ್ನು ಸಾರ್ವಜನಿಕರಿಗೆ ಒಪ್ಪಿಸಿದುದರ ಫಲವಾಗಿ 1897ರಲ್ಲಿ ತೆರೆದ ಗ್ಲಿಪ್ಟೊಟೆಕ್‌ಗೆ, ಅಂದರೆ ಶಿಲ್ಪಗಳ ಸಂಗ್ರಹಾಲಯಕ್ಕೆ, ವಾಸ್ತುಶಿಲ್ಪಿ ವಿಲ್ಹೆಲ್ಮ್ ಡಾಲೆರುಪ್ ರೂಪಿಸಿದ ಗಾಜಿನ ಗುಮ್ಮಟದ ಚಳಿಗಾಲದ ಉದ್ಯಾನ 1906ರಲ್ಲಿ ಸೇರಿಕೊಂಡಿತು. ಉಷ್ಣವಲಯದ ತಾಳೆ ಜಾತಿಯ ಗಿಡಗಳನ್ನು ಬೆಚ್ಚಗೆ ಬೆಳೆಸಿದ ಆ ಅಂಗಳದ ಹಿಂದಿನ ಲೆಕ್ಕಾಚಾರವನ್ನು ಯಾಕಬ್ಸನ್ ಮುಚ್ಚಿಡಲಿಲ್ಲ: ಡೇನರಿಗೆ ಕಲೆಗಿಂತ ಹೂಗಿಡಗಳ ಪರಿಚಯ ಹೆಚ್ಚು, ಚಳಿಗಾಲದಲ್ಲಿ ಹಸಿರನ್ನು ನೋಡಲು ಬಂದವರು ಹಾಗೆಯೇ ಶಿಲ್ಪಗಳತ್ತಲೂ ಕಣ್ಣು ಹಾಯಿಸಬಹುದು ಎಂಬುದು ಆತನ ನಿಲುವಾಗಿತ್ತು. ಇಂದಿನ ಯಾವುದೇ ಪ್ರವಾಸೋದ್ಯಮ ಯೋಜನೆಗಿಂತ ಈ ಬಿಯರ್ ವ್ಯಾಪಾರಿಯ ತಿಳಿವಳಿಕೆ ಸರಳವೂ ಹೆಚ್ಚು ಪ್ರಾಮಾಣಿಕವೂ ಆಗಿದೆ ಎನ್ನಬೇಕು.

ಬೆಳಕಿನ ವಿಷಯದಲ್ಲಿ ಯಾಕಬ್ಸನ್‌ಗೆ ಸಮನಾದ ಹೆಸರು ಪಾಲ್ ಹೆನ್ನಿಂಗ್ಸನ್‌ನದು. ಸೀಮೆಎಣ್ಣೆ ದೀಪದ ಮೃದು ಬೆಳಕಿನಲ್ಲಿ ಬೆಳೆದ ಈ ವಿನ್ಯಾಸಕಾರ, ವಿದ್ಯುತ್ ಬುರುಡೆಯ ಕಣ್ಣು ಕೋರೈಸುವ ಗುಣವನ್ನು ದೋಷವೆಂದೇ ಬಗೆದು, ಒಂದರ ಮೇಲೊಂದು ಬಾಗಿದ ತಟ್ಟೆಗಳನ್ನು ಜೋಡಿಸಿ, ಬುರುಡೆ ಎಲ್ಲಿಂದಲೂ ಕಾಣದೆ ಬೆಳಕು ಮಾತ್ರ ಹೊರಳಿ ಬರುವಂಥ ದೀಪಗಳನ್ನು 1920ರ ದಶಕದಲ್ಲಿ ರೂಪಿಸಿದ. ಅವನ ಹೆಸರಿನ ಮೊದಲಕ್ಷರಗಳಿಂದ ‘ಪಿಎಚ್ ದೀಪ’ವೆಂದು ಕರೆಯಲಾಗುವ ಈ ತೂಗುದೀಪ ಇಂದಿಗೂ ಡೇನಿಷ್ ಮನೆಗಳ ಊಟದ ಮೇಜಿನ ಮೇಲೆ ಕಾಣಸಿಗುತ್ತದೆ. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕ್ ಅನ್ನು ಆಕ್ರಮಿಸಿ, ವಿಮಾನದಾಳಿಯ ಭಯದಿಂದ ರಾತ್ರಿ ದೀಪಗಳನ್ನು ಮರೆಮಾಡಬೇಕೆಂಬ ಆಜ್ಞೆ ಜಾರಿಯಾದಾಗ, ಟಿವೋಲಿಯ ವಾಸ್ತುಶಿಲ್ಪಿಯಾಗಿದ್ದ ಹೆನ್ನಿಂಗ್ಸನ್ ಮೇಲಿನಿಂದ ನೋಡಿದರೆ ಕಾಣದಂತೆ ನೆಲವನ್ನು ಮಾತ್ರ ಬೆಳಗುವ ದೀಪವೊಂದನ್ನು ಮಾಡಿದ್ದರಿಂದ ಉದ್ಯಾನ ನಡುರಾತ್ರಿಯವರೆಗೆ ತೆರೆದಿರುವುದು ಸಾಧ್ಯವಾಯಿತು. ಆಗಸದಿಂದ ಅಡಗಿಸಿದ್ದ ಅದೇ ಉದ್ಯಾನದ ಬೆಳಕನ್ನು ನೋಡಲು ಈಗ ಜನ ವಿಮಾನ ಹತ್ತಿ ಬರುತ್ತಾರೆ.

ಇಷ್ಟಾದರೂ ಒಳಾಂಗಣ ಬೆಚ್ಚಗಿರದಿದ್ದರೆ ಮೃದು ಬೆಳಕಿಗೆ ಬೆಲೆಯಿರುತ್ತಿರಲಿಲ್ಲ. ಪ್ರವಾಸಿ ಕೈಪಿಡಿಗಳು ಪ್ರಸ್ತಾಪಿಸದ, ಆದರೆ ಈ ಕಥೆಯಲ್ಲಿ ಬಹುಶಃ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ‘ಫ್ಯೆರ್ನ್‌ವಾರ್ಮೆ’. ‘ದೂರದ ಶಾಖ’ ಎಂಬ ಅರ್ಥದ ಈ ಡೇನಿಷ್ ಪದ, ಒಂದೆಡೆ ಕಾಯಿಸಿದ ನೀರನ್ನು ನೆಲದಡಿಯ ಕೊಳವೆಗಳ ಮೂಲಕ ಮನೆಮನೆಗೂ ಹರಿಸಿ, ತಣಿದ ನೀರನ್ನು ಮರಳಿ ತಂದು ಮತ್ತೆ ಕಾಯಿಸುವ ವ್ಯವಸ್ಥೆಯನ್ನು ಸೂಚಿಸುತ್ತದೆ. ಇದರ ಮೊದಲ ರೂಪ 1903ರಲ್ಲಿ, ಕೋಪನ್‌ಹೇಗನ್‌ನ ನಡುವೆಯೇ ಇದ್ದೂ ಪ್ರತ್ಯೇಕ ಪುರಸಭೆಯಾಗಿರುವ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ, ಕಸ ಸುಟ್ಟ ಶಾಖವನ್ನು ಆಸ್ಪತ್ರೆಗೆ ಒದಗಿಸುವುದರೊಂದಿಗೆ ಕಾಣಿಸಿಕೊಂಡಿತು. ಇಂಧನಕ್ಕಾಗಿ ಬಹುಪಾಲು ಆಮದು ತೈಲವನ್ನೇ ನೆಚ್ಚಿದ್ದ ದೇಶವನ್ನು 1973ರ ತೈಲ ಬಿಕ್ಕಟ್ಟು ಕಂಗೆಡಿಸಿ, ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸುವಂತಾದ ಮೇಲೆ, 1979ರ ಶಾಖ ಪೂರೈಕೆ ಕಾಯ್ದೆ ಈ ಕೊಳವೆ ಜಾಲವನ್ನು ನಗರ ಯೋಜನೆಯ ಭಾಗವಾಗಿಸಿತು. ಇಂದು ರಾಜಧಾನಿಯ ಹೆಚ್ಚುಕಡಿಮೆ ಎಲ್ಲ ಕಟ್ಟಡಗಳೂ ಅದರಿಂದಲೇ ಬೆಚ್ಚಗಾಗುತ್ತವೆ. ನಗರದ ಕಸ ಸುಟ್ಟು ಶಾಖವನ್ನೂ ವಿದ್ಯುತ್ತನ್ನೂ ಉತ್ಪಾದಿಸುವ, 85 ಮೀಟರ್ ಎತ್ತರದ ಅಮಾಗರ್ ಬಾಕೆ ಸ್ಥಾವರದ ಇಳಿಜಾರು ಚಾವಣಿಯ ಮೇಲೆ 2019ರಲ್ಲಿ ಹಿಮವಿಲ್ಲದ ಕೃತಕ ಸ್ಕೀ ದಾರಿಯೂ ತೆರೆದುಕೊಂಡಿತು. ಬೆಟ್ಟವಿಲ್ಲದ ಊರು ತನ್ನ ಕಸದಿಂದ ಬೆಟ್ಟ ಮಾಡಿಕೊಂಡಿತೆಂದರೆ ಅತಿಶಯೋಕ್ತಿಯಾಗದು.

ಹೊರಾಂಗಣದ ಬದಲಾವಣೆ 1962ರ ನವೆಂಬರ್ 17ರಂದು, ಅದೂ ಚಳಿಗಾಲದ ಹೊಸ್ತಿಲಲ್ಲೇ, ಸ್ಟ್ರೊಯೆಟ್ ಎಂಬ ಮುಖ್ಯ ಅಂಗಡಿಬೀದಿಯಿಂದ ವಾಹನಗಳನ್ನು ಪ್ರಾಯೋಗಿಕವಾಗಿ ಹೊರಗಿಡುವುದರೊಂದಿಗೆ ಆರಂಭವಾಯಿತು. ಬೀದಿಯಲ್ಲಿ ಅಡ್ಡಾಡಲು ಡೇನರು ಇಟಾಲಿಯನ್ನರಲ್ಲ ಎಂಬ ಆಕ್ಷೇಪ ಆಗ ಬಲವಾಗಿಯೇ ಕೇಳಿಬಂದಿತ್ತು. ಜನ ಅಡ್ಡಾಡಿದರು. ಕಟ್ಟಡಗಳ ನಡುವಿನ ಬದುಕನ್ನು ಕುರಿತು 1971ರಲ್ಲಿ ಪುಸ್ತಕ ಬರೆದ ವಾಸ್ತುಶಿಲ್ಪಿ ಯಾನ್ ಗೆಹ್ಲ್, ಈ ಬೀದಿಗಳಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ವರ್ಷಗಟ್ಟಲೆ ಎಣಿಸಿ ದಾಖಲಿಸಿದ್ದರಿಂದ ನಗರಕ್ಕೆ ವಾದದ ಬದಲು ಅಂಕಿಗಳು ಸಿಕ್ಕವು. ಕಾಫಿ ಅಂಗಡಿಯ ಹೊರಗಿನ ಕುರ್ಚಿಗಳ ಮೇಲೆ ಮಡಿಸಿಟ್ಟ ಕಂಬಳಿಗಳು ಈ ಬದಲಾವಣೆಯ ಕಣ್ಣಿಗೆ ಕಾಣುವ ಫಲ.

ಬರುವ ದಾರಿ ಸುಗಮವಾದುದನ್ನು ಚುಟುಕಾಗಿ ಹೇಳಿದರೆ ಸಾಕು: ಯುರೋಪಿಯನ್ ಒಕ್ಕೂಟದೊಳಗಿನ ವಿಮಾನಯಾನ 1997ರ ವೇಳೆಗೆ ಪೂರ್ಣವಾಗಿ ಮುಕ್ತವಾಗಿ ಅಗ್ಗದ ಟಿಕೆಟ್‌ಗಳು ಬಂದವು, 2000ದಲ್ಲಿ ಸ್ವೀಡನ್‌ಗೆ ಸೇತುವೆಯಾಯಿತು, 2007ರಲ್ಲಿ ಚಾಲಕರಿಲ್ಲದ ಮೆಟ್ರೊ ವಿಮಾನ ನಿಲ್ದಾಣವನ್ನು ಮುಟ್ಟಿತು. ಇವೆಲ್ಲಕ್ಕೂ ಮೊದಲೇ ಟಿವೋಲಿ 1994ರಲ್ಲಿ ಮೊದಲ ಬಾರಿಗೆ ಕ್ರಿಸ್‌ಮಸ್ ಹೊತ್ತಿಗೆ ಬಾಗಿಲು ತೆರೆಯಿತು. ಮಸಾಲೆ ಬೆರೆಸಿ ಕಾಯಿಸಿದ ದ್ರಾಕ್ಷಾರಸವಾದ ‘ಗ್ಲೊಗ್’ ಮತ್ತು ಹಣ್ಣಿನ ಜಾಮ್, ಸಕ್ಕರೆ ಪುಡಿಯ ಜೊತೆ ತಿನ್ನುವ ಉಂಡೆಯಾಕಾರದ ‘ಎಬ್ಲೆಸ್ಕೀವರ್’ ಅಲ್ಲಿಯ ವಾಡಿಕೆಯ ಪಾನೀಯ ಮತ್ತು ತಿನಿಸು. ಎರಡನೆಯದನ್ನು ಬೇಯಿಸುವ ಗುಳಿಗಳುಳ್ಳ ಬಾಣಲೆಯನ್ನು ಕಂಡ ಕನ್ನಡಿಗರಿಗೆ ಅದು ಪಡ್ಡಿನ ಕಾವಲಿಯಲ್ಲವೆಂದು ನಂಬುವುದೇ ಕಷ್ಟ.

ಆಪ್ತರೊಡನೆ ನಿರಾಳವಾಗಿ, ಬೆಚ್ಚಗೆ ಕೂತಿರುವ ಸ್ಥಿತಿಯನ್ನು ಹೇಳುವ ‘ಹ್ಯೂಗೆ’ ಎಂಬ ಡೇನಿಷ್ ಪದ ಇಂಗ್ಲಿಷ್ ಪುಸ್ತಕಗಳ ಮೂಲಕ ಜಗತ್ತಿಗೆಲ್ಲ ಹಬ್ಬಿ, 2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ವರ್ಷದ ಪದಗಳ ಕಿರುಪಟ್ಟಿಗೂ ಏರಿತು. ಕಂಬಳಿ, ಮೇಣದಬತ್ತಿ, ಉಣ್ಣೆಯ ಕಾಲುಚೀಲಗಳನ್ನು ಮಾರುವವರಿಗೆ ಇದರಿಂದಾದ ಲಾಭ ಸಣ್ಣದಲ್ಲ. ಆದರೆ ಪರಿಚಿತರ ನಡುವೆ ಮಾತ್ರ ಹುಟ್ಟುವ ಆ ನಿರಾಳವನ್ನು ಎರಡು ರಾತ್ರಿಯ ಹೋಟೆಲ್ ವಾಸದಲ್ಲಿ ಕೊಂಡು ತರಬಹುದೆಂಬ ಭರವಸೆ ಪದದ ಅರ್ಥಕ್ಕೇ ವಿರುದ್ಧವಾದುದು.

ಕ್ರಿಸ್‌ಮಸ್ ಕಳೆದ ಮೇಲಿನ ಬರಿದು ತಿಂಗಳುಗಳಿಗೂ 2018ರಲ್ಲಿ ಉತ್ತರ ಸಿಕ್ಕಿತು: ಟಿವೋಲಿ ಫೆಬ್ರುವರಿಯಲ್ಲಿಯೂ ತೆರೆಯಲಾರಂಭಿಸಿತು, ಅದೇ ತಿಂಗಳು ಬಂದರಿನ ದಂಡೆ, ಸೇತುವೆ ಮತ್ತು ಚೌಕಗಳಲ್ಲಿ ಕಲಾವಿದರ ದೀಪಕೃತಿಗಳನ್ನು ನಿಲ್ಲಿಸುವ ಬೆಳಕಿನ ಉತ್ಸವವೂ ಆರಂಭವಾಯಿತು. ಆದರೆ ಫೆಬ್ರುವರಿಯ ಕೊನೆಯ ವಾರದ ಹೊತ್ತಿಗೆ ಅಲ್ಲಿ ಹಗಲು ಹತ್ತು ಗಂಟೆಯನ್ನು ದಾಟಿರುತ್ತದೆಯಾದ್ದರಿಂದ, ದೀಪ ನೋಡಲು ಬಂದವರು ಐದೂವರೆಯವರೆಗೂ ಕಾಫಿ ಅಂಗಡಿಗಳಲ್ಲಿ ಕೂತು ಕತ್ತಲಾಗುವುದನ್ನೇ ಕಾಯುತ್ತಿರುತ್ತಾರೆ.